ಐದು ಸೆಂಟ್ಸ್ ಜಾಗದ ಹಿಂದಿನ ಕಥೆ

ದಕ್ಷಿಣ ಕನ್ನಡ ಮತ್ತು ಉಡುಪಿ ಕರಾವಳಿಯ ಸಣ್ಣ ಪೇಟೆಗಳಲ್ಲಿ ಬಡವರ ಮನೆಯ ಪ್ರಶ್ನೆ ಎಂದರೆ ಮನೆ ಅಡಿಯ ನೆಲದ ಪ್ರಶ್ನೆ. ಗೋಡೆಗೆ ಕೆಂಪುಕಲ್ಲು, ಮಾಡಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲು ಊರಲ್ಲೇ ಸಿಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ನಾಲ್ಕು ಕಾಸು ಕೂಡಿಸಿದವರ ಮಾಡಿಗೆ ಹೆಂಚೂ ಬಂತು. ಇಲ್ಲದಿದ್ದುದು ತನ್ನದು ಎನ್ನಬಹುದಾದ ಜಾಗ. ಅದನ್ನು ಕೊಡುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದರ ಸುತ್ತಲೇ ಊರಿನ ರಾಜಕಾರಣ ಬೆಳೆಯಿತು.

ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಸರಕಾರಕ್ಕೆ ತೀರ್ವೆ ಕಟ್ಟುತ್ತಿದ್ದವನು ವರ್ಗದಾರ. ಅವನ ಕೆಳಗೆ ಮೂಲಗೇಣಿದಾರ. ಅವನ ಗೇಣಿ ಏರುವಂತಿರಲಿಲ್ಲ, ಹಕ್ಕು ಮಕ್ಕಳು ಮೊಮ್ಮಕ್ಕಳಿಗೂ ಸಲ್ಲುತ್ತಿತ್ತು. ಚಾಲಗೇಣಿ ಒಕ್ಕಲಿಗೆ ಅಂಥ ಭದ್ರತೆ ಇರಲಿಲ್ಲ, ಧಣಿ ಏಳೆಂದರೆ ಏಳಬೇಕು. ಗೇಣಿಯೂ ಇಲ್ಲದ ಕೂಲಿಯಾಳು ಧಣಿಯ ಹಿತ್ತಿಲಿನ ಅಂಚಿನಲ್ಲೋ ಗದ್ದೆಯ ಬದಿಯಲ್ಲೋ ಗುಡಿಸಲು ಹಾಕಿಕೊಳ್ಳುತ್ತಿದ್ದ. ಪಕ್ಕದ ಗುಡ್ಡೆ ಖಾಲಿ ಬಿದ್ದಿದ್ದರೂ ಅಲ್ಲಿಗೆ ಹೋಗುವುದು ಸುಲಭವಿರಲಿಲ್ಲ. ವರ್ಗ ಜಾಗದ ಸುತ್ತಲಿನ ಸುಮಾರು 100 ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು, ಸೌದೆ ತರುವ ಕುಮ್ಕಿ ಸೌಲಭ್ಯ ವರ್ಗದಾರನದು. ಅವನ ಕಣ್ಣು ತಪ್ಪಿಸಿ ಅಲ್ಲಿ ಒಲೆ ಹೂಡುವುದು ಆಗದ ಮಾತು.

ಉಳ್ಳವರ ಮನೆಗಳೂ ಇದ್ದಂತೆಯೇ ಉಳಿಯಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕೂಡುಕುಟುಂಬಗಳ ಆಸ್ತಿ ಪಾಲಾಗುವುದಕ್ಕೆ ದಾರಿ ಮಾಡಿತು. ಒಂದೇ ಸೂರಿನಡಿ ಇದ್ದವರು ಬೇರೆ ಬೇರೆ ಮನೆ ಮಾಡಬೇಕಾಯಿತು, ಸಣ್ಣ ಜಾಗಕ್ಕೆ ಕೇಳಿಕೆ ಹೆಚ್ಚಿತು.

ದೊಡ್ಡ ಪಲ್ಲಟ ತಂದದ್ದು ಊರವರು ಇಂದಿಗೂ ‘ಡಿಕ್ಲರೇಶನ್’ ಎಂದು ನೆನೆಯುವ ಭೂಸುಧಾರಣೆ. 1961ರ ಕಾಯ್ದೆ 1965ರಲ್ಲಿ ಜಾರಿಗೆ ಬಂದರೂ ಅದರ ಬಿಸಿ ಧಣಿಗಳಿಗೆ ಅಷ್ಟಾಗಿ ತಟ್ಟಿರಲಿಲ್ಲ. ದೇವರಾಜ ಅರಸರ ಸರಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದಾಗ ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿತು. ಒಕ್ಕಲುಗಳು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರು. ತೀರ್ಮಾನ ಭೂ ನ್ಯಾಯಮಂಡಳಿಯದು: ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರಕಾರ ನೇಮಿಸಿದ ನಾಲ್ವರು ಸದಸ್ಯರು. ಹಿಂದೆ ಧಣಿಯ ಜಗಲಿಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನ ಸಾಕ್ಷಿ ಈಗ ದಾಖಲೆಯಾಗತೊಡಗಿತು. ಯಾರು ಸದಸ್ಯರಾಗುತ್ತಾರೆ ಎಂಬುದು ತಾಲ್ಲೂಕು ರಾಜಕಾರಣದ ಮುಖ್ಯ ವಿಷಯವಾದದ್ದು ಸಹಜವೇ.

ಮನೆಯ ಮಟ್ಟಿಗೆ ಹೇಳುವುದಾದರೆ ಕಾಯ್ದೆಯ 38ನೇ ಕಲಮು ಮುಖ್ಯ. ಇತರರ ಜಮೀನಿನಲ್ಲಿ ವಾಸವಿದ್ದ ಕೃಷಿ ಕಾರ್ಮಿಕನಿಗೆ ಆ ಮನೆ, ಅದರ ಅಡಿಸ್ಥಳ ಮತ್ತು ಸುತ್ತಲಿನ ಅಗತ್ಯದ ನೆಲದ ಒಡೆತನ ಸಿಗುವಂತೆ ಅದು ಮಾಡಿತು. ಗದ್ದೆ ಸಿಕ್ಕವರ ಕಥೆ ಸಾಕಷ್ಟು ಬರೆಯಲ್ಪಟ್ಟಿದೆ. ಗುಡಿಸಲಿನ ಅಡಿಯ ನೆಲವಷ್ಟೇ ಸಿಕ್ಕವರ ಕಥೆಗೆ ಅಷ್ಟು ಜಾಗ ದೊರೆತಿಲ್ಲ.

ಅದೂ ಇಲ್ಲದವರಿಗೆ ಬಂದದ್ದು ನಿವೇಶನ ಹಂಚಿಕೆ ಮತ್ತು ಜನತಾ ಮನೆ. ‘ಜನತಾ ಕಾಲೋನಿ’, ‘ಐದು ಸೆಂಟ್ಸ್’ ಎಂಬ ಹೆಸರುಗಳು ಕರಾವಳಿಯಲ್ಲಿ ಈಗಲೂ ಬಳಕೆಯಲ್ಲಿವೆ. ನೂರು ಸೆಂಟ್ಸ್ ಒಂದು ಎಕರೆ. ಐದು ಸೆಂಟ್ಸ್ ಎಂದರೆ 2,178 ಚದರಡಿ, ಒಂದು ಮನೆ, ಒಂದು ಬಾವಿ, ನಾಲ್ಕು ತೆಂಗಿನ ಗಿಡ. ಮುಂದೆ ಸಾಮಾನ್ಯವಾದ 30×40 ಅಡಿಯ ನಿವೇಶನ ಎರಡೂಮುಕ್ಕಾಲು ಸೆಂಟ್ಸು ಮಾತ್ರ. ಬಾವಿ, ಗಿಡ ಎರಡಕ್ಕೂ ಕತ್ತರಿ ಬಿತ್ತು.

ಪೇಟೆಯ ಒಳಗಿನ ಮೂಲಗೇಣಿ ಮನೆಗಳಿಗೆ ಭೂಸುಧಾರಣೆ ತಲುಪಲಿಲ್ಲ, ಅದು ಕೃಷಿ ಭೂಮಿಯ ಕಾಯ್ದೆ. ಮೂರು ನಾಲ್ಕು ತಲೆಮಾರು ಕೂತ ಮನೆಯಾದರೂ ನೆಲ ಅದರ ಒಡೆಯನಾದ ಮೂಲಿದಾರನದು, ಗೇಣಿ ಚಿಲ್ಲರೆ ಹಣ. ಹಳೆಯ ಚೀಟುಗಳಲ್ಲಿ ಪರಭಾರೆಗೆ ನಿರ್ಬಂಧವಿದ್ದರೆ ಮಾರಾಟವೂ ಸಾಲವೂ ತೊಡಕು. ಇವರಿಗೆ ಒಡೆತನ ಕೊಡುವ ಪ್ರತ್ಯೇಕ ಕಾಯ್ದೆ ಆದದ್ದು 2011ರಲ್ಲಿ.

1991–92ರಲ್ಲಿ ಆಶ್ರಯ ಯೋಜನೆ ಬಂದಾಗ ಫಲಾನುಭವಿಗಳ ಪಟ್ಟಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಕೈಸೇರಿತು. ಪಟ್ಟಿಯಲ್ಲಿ ಹೆಸರು ಬರುವುದೇ ರಾಜಕಾರಣದ ಫಲ ಎಂಬ ನಂಬಿಕೆ ಊರೂರಲ್ಲಿ ಬೇರೂರಿತು. ಅದು ಪೂರ್ತಿ ಸುಳ್ಳೂ ಅಲ್ಲ. ಮುಂದೆ ಹಳ್ಳಿಗಳಲ್ಲಿ ಆಯ್ಕೆ ಗ್ರಾಮಸಭೆಗೆ ಬಂತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾದ ನಂತರ ಹಣ ಪಂಚಾಂಗ, ಲಿಂಟಲ್, ಛಾವಣಿ ಎಂದು ಹಂತ ಹಂತವಾಗಿ ಬಿಡುಗಡೆಯಾಗತೊಡಗಿತು. ಆದರೆ ಸಹಾಯಧನ ಕೇಳುವುದಕ್ಕೂ ಹಕ್ಕುಪತ್ರ ಬೇಕು. ಪೊರಂಬೋಕು ಜಾಗದಲ್ಲಿ ಕೂತವರಿಗಾಗಿ ಭೂಕಂದಾಯ ಕಾಯ್ದೆಗೆ ಹಳ್ಳಿಗೆ 94-ಸಿ, ಪೇಟೆಗೆ 94-ಸಿಸಿ ಎಂಬ ಸಕ್ರಮದ ಕಲಮುಗಳು ಸೇರಿದವು. ಹಕ್ಕುಪತ್ರ ವಿತರಣೆಯ ಸಭೆ ಚುನಾವಣೆಗೆ ಮುಂಚಿನ ವಾಡಿಕೆಯೇ ಆಯಿತು.

ಸಮುದ್ರದಂಚಿನ ಮೊಗವೀರ, ಖಾರ್ವಿ ಕೇರಿಗಳ ತೊಡಕು ಬೇರೆ. ದೋಣಿ, ಬಲೆ ದಡದಲ್ಲಿ ಇರುವುದರಿಂದ ಮನೆಯೂ ಅಲ್ಲೇ ಇರಬೇಕು. 1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತರೇಖೆಯಿಂದ 500 ಮೀಟರ್ ವರೆಗಿನ ನೆಲವನ್ನು ನಿಯಮದಡಿ ತಂದಿತು. ಕಟ್ಟಡಗಳಿಂದ ತುಂಬಿದ ಪೇಟೆಗಳಿಗೆ ಎರಡನೇ ವಲಯದ ಸಡಿಲಿಕೆ ಇತ್ತು. ಹಳ್ಳಿಯೆಂದು ಎಣಿಸಿದ ಮೂರನೇ ವಲಯದಲ್ಲಿ ಮೊದಲ 200 ಮೀಟರ್‌ನಲ್ಲಿ ಹೊಸ ಮನೆಗೆ ಎಡೆಯಿಲ್ಲ. ಅಧಿಕೃತ ಮನೆಯನ್ನು ಇದ್ದ ಅಳತೆಯಲ್ಲೇ ದುರಸ್ತಿ ಮಾಡಬಹುದಿತ್ತು. ದಾಖಲೆಯೇ ಇಲ್ಲದ ಮನೆ ಅಧಿಕೃತ ಎಂದು ತೋರಿಸುವುದು ಹೇಗೆ? ಬಲವಾದ ಕಾಗದಪತ್ರ ಇದ್ದವರಿಗಿಂತ ಇಲ್ಲದವರಿಗೇ ನಿಯಮ ಹೆಚ್ಚು ಕುತ್ತಾಯಿತು.

2011ರ ಅಧಿಸೂಚನೆ 100ರಿಂದ 200 ಮೀಟರ್ ನಡುವೆ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಮನೆಗೆ ಅವಕಾಶ ಕೊಟ್ಟಿತು. 2019ರದು ಮೂರನೇ ವಲಯವನ್ನೇ ಎರಡಾಗಿ ಒಡೆಯಿತು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ ನಿಷೇಧ 50 ಮೀಟರಿಗೆ ಇಳಿಯಿತು, ಅದೂ ಹೊಸ ಕರಾವಳಿ ನಿರ್ವಹಣಾ ಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ. ಉಳಿದ ಕಡೆ 200 ಮೀಟರೇ ಉಳಿಯಿತು. ಹೀಗೆ ಒಂದೇ ಕಡಲದಂಡೆಯಲ್ಲಿ ಅಕ್ಕಪಕ್ಕದ ಎರಡು ಗ್ರಾಮಗಳಿಗೆ ಬೇರೆ ಬೇರೆ ಅಳತೆ ಬರಬಹುದಾಯಿತು.