ಬೀದರ್‌ನ ಮದರಸಾ: ನ್ಯಾಯಶಾಸ್ತ್ರಕ್ಕೆ ಮನೆ ಕಟ್ಟಿದವನಿಗೆ ಸಿಗದ ನ್ಯಾಯ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಕೇಳ್ತಿರೋರಿಗೆ ಅಮೃತಾಪುರದ ಅಮೃತೇಶ್ವರ ದೇವಸ್ಥಾನ ಗೊತ್ತೇ ಇರುತ್ತೆ. 1196ರಲ್ಲಿ ಅದನ್ನು ಕಟ್ಟಿಸಿದ್ದು ರಾಜ ಅಲ್ಲ, ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತ. ಇವತ್ತಿನ ಕಥೆಯೂ ರಾಜನಲ್ಲದ ಒಬ್ಬ ಅಧಿಕಾರಿ ಕಟ್ಟಿಸಿದ ಕಟ್ಟಡದ್ದೇ. ಆದರೆ ಊರು ಬೀದರ್, ವರ್ಷ 1472.

ಅವನ ಹೆಸರು ಮಹಮೂದ್ ಗವಾನ್. ಇರಾನಿನ ಗಿಲಾನ್ ಪ್ರದೇಶದವನು. ವ್ಯಾಪಾರಿಯಾಗಿ ದಕ್ಖನ್‌ಗೆ ಬಂದು ಬಹಮನಿ ಸುಲ್ತಾನರ ಪ್ರಧಾನ ಮಂತ್ರಿಯಾದ. ಬೀದರ್‌ನಲ್ಲಿ ಅವನು ಕಟ್ಟಿಸಿದ್ದು ಒಂದು ಮದರಸಾ. ಇಸ್ಲಾಮಿಕ್ ನ್ಯಾಯಶಾಸ್ತ್ರ, ಅಂದ್ರೆ ಫಿಕ್ಹ್, ಇಂಥ ಮದರಸಾಗಳ ಮುಖ್ಯ ಪಾಠ. ಜೊತೆಗೆ ಅರಬ್ಬಿ, ಪರ್ಷಿಯನ್, ಗಣಿತ, ಖಗೋಳ. ಇಲ್ಲಿನ ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವು ಅಂತ ಹೇಳ್ತಾರೆ.

ಕಟ್ಟಡ ಹೇಗಿದೆ? ನಡುವೆ ದೊಡ್ಡ ಅಂಗಳ. ಅಂಗಳದ ನಾಲ್ಕು ದಿಕ್ಕಿಗೂ ಒಂದೊಂದು ಎತ್ತರದ ಕಮಾನು. ಸುತ್ತ ಮೂರು ಅಂತಸ್ತು, ಅದರಲ್ಲಿ ಪಾಠದ ಕೋಣೆಗಳು, ವಿದ್ಯಾರ್ಥಿಗಳಿಗೂ ಗುರುಗಳಿಗೂ ಉಳಿಯೋ ಕೋಣೆಗಳು. ಒಂಥರಾ ಇವತ್ತಿನ ಕಾಲೇಜು, ಹಾಸ್ಟೆಲ್ ಎರಡೂ ಒಂದೇ ಸೂರಿನಡಿ. ಅಮೃತಾಪುರದ ಗೋಡೆಯಲ್ಲಿ ರಾಮಾಯಣ, ಮಹಾಭಾರತವನ್ನ ಕಲ್ಲಲ್ಲಿ ಕೆತ್ತಿದ್ದಾರೆ. ಇಲ್ಲಿ ವಿಗ್ರಹ ಇಲ್ಲ, ಅಕ್ಷರವೇ ಅಲಂಕಾರ. ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಹೊಳೆಯುವ ಹೆಂಚುಬಿಲ್ಲೆಗಳು, ಅವುಗಳ ಮೇಲೆ ಕುರ್‌ಆನ್ ಸಾಲುಗಳು. ಇರಾನಿನ ಶೈಲಿ ನಮ್ಮ ನೆಲಕ್ಕೆ ಇಳಿದು ಬಂದ ಹಾಗೆ.

ಗವಾನ್ ಆಡಳಿತವನ್ನೂ ತಿದ್ದಲು ಹೊರಟ. 4 ಪ್ರಾಂತ್ಯಗಳನ್ನ 8 ಮಾಡಿ, ಪ್ರಾಂತ್ಯಾಧಿಕಾರಿಗಳ ಕೈಲಿದ್ದ ಕೋಟೆಗಳನ್ನ ಕಡಿಮೆ ಮಾಡಿದ. ಅಧಿಕಾರ ಕಳೆದುಕೊಂಡವರು ಸುಮ್ಮನಿರ್ತಾರಾ? ಅವನ ಮುದ್ರೆ ಒತ್ತಿದ ಖಾಲಿ ಕಾಗದ ಸಂಪಾದಿಸಿ, ಒಡಿಶಾದ ರಾಜನಿಗೆ ದಂಡೆತ್ತಿ ಬಾ ಅಂತ ಕರೆಯೋ ಸುಳ್ಳು ಪತ್ರ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಷಾ ಪತ್ರ ನೋಡಿದ, ಮುದ್ರೆ ನೋಡಿದ, ಮರಣದಂಡನೆ ವಿಧಿಸಿಬಿಟ್ಟ. ಯಾರು ಬರೆದರು, ಯಾವಾಗ ಬರೆದರು ಅನ್ನೋ ವಿಚಾರಣೆಯೇ ಆಗಲಿಲ್ಲ. 1481ರ ಏಪ್ರಿಲ್‌ನಲ್ಲಿ, 70 ದಾಟಿದ ಮಂತ್ರಿಯ ತಲೆ ಉರುಳಿತು.

ಯೋಚನೆ ಮಾಡಿ. ಸಾಕ್ಷಿಯನ್ನ ಹೇಗೆ ಪರೀಕ್ಷಿಸಬೇಕು ಅನ್ನೋದು ನ್ಯಾಯಶಾಸ್ತ್ರದ ಮೊದಮೊದಲ ಪಾಠಗಳಲ್ಲೊಂದು. ಆ ಪಾಠಕ್ಕೆ ಅಷ್ಟು ದೊಡ್ಡ ಮನೆ ಬೀದರ್‌ನಲ್ಲಿ ನಿಂತಿತ್ತು. ಆದರೆ ದರ್ಬಾರಿನಲ್ಲಿ ಆ ಪಾಠ ನಡೆಯಲಿಲ್ಲ. ಮರುವರ್ಷವೇ ಸುಲ್ತಾನನೂ ತೀರಿಕೊಂಡ, ರಾಜ್ಯ ಒಡೆಯುತ್ತಾ ಹೋಯಿತು.

ಕಟ್ಟಡದ ಕಥೆಯೂ ನೋವಿನದ್ದೇ. 1657ರಲ್ಲಿ ಬೀದರ್ ಔರಂಗಜೇಬನ ಕೈಸೇರಿತು. ಮದರಸಾ ಸೈನಿಕರ ಬಿಡಾರವಾಯ್ತು, ಕೋಣೆಗಳಲ್ಲಿ ಮದ್ದು ತುಂಬಿದರು. 1696ರಲ್ಲಿ ಅದು ಸ್ಫೋಟಿಸಿ ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ನೆಲಕ್ಕುರುಳಿತು.

ಇನ್ನೊಂದು ಇಂದಿಗೂ ನಿಂತಿದೆ. ಬೀದರ್‌ಗೆ ಹೋದರೆ ಕೋಟೆ ನೋಡಿ ವಾಪಸ್ ಬರಬೇಡಿ. ಆ ಮಿನಾರ್ ಹತ್ತಿರ ಹೋಗಿ, ಉಳಿದಿರೋ ಬಣ್ಣದ ಬಿಲ್ಲೆಗಳನ್ನ ನೋಡಿ. ಆಮೇಲೆ ಫೋನ್‌ಗೆ ಬರೋ ಯಾವುದಾದ್ರೂ ಫಾರ್ವರ್ಡ್ ನಂಬೋ ಮುಂಚೆ, ಆ ಸುಳ್ಳು ಪತ್ರ ನೆನಪಿಸಿಕೊಳ್ಳಿ. ಮತ್ತೆ ಸಿಗೋಣ.