ಅಚ್ಚಿನಿಂದ ಬಂದ ಲೂರ್ದು ಮಾತೆ

ನಮ್ಮ ನಾಡಿನ ಅನೇಕ ಧರ್ಮಕೇಂದ್ರಗಳ ಗವಿಗಳಲ್ಲಿ ನಿಂತಿರುವ ಲೂರ್ದು ಮಾತೆಯ ಸ್ವರೂಪವನ್ನು ಕುರಿತು, ‘ಅದು ಬರಿಯ ಪ್ಲಾಸ್ಟರ್, ಸ್ವಾಮಿ’ ಎಂದು ಹಗುರವಾಗಿ ನುಡಿಯುವವರನ್ನು ನಾನು ಕಂಡಿದ್ದೇನೆ. ಪ್ರಿಯ ಬಾಂಧವರೆ, ಆ ಬರಿಯ ಪ್ಲಾಸ್ಟರಿಗೂ ಒಂದು ಇತಿಹಾಸವುಂಟು.

1858ರ ದರ್ಶನಗಳ ತರುವಾಯ, ಲಿಯೋನ್ ನಗರದ ಶಿಲ್ಪಿ ಫಾಬಿಶ್ ಎಂಬಾತನು ಸಂತ ಬೆರ್ನದೆತ್ತಮ್ಮನವರನ್ನೇ ವಿಚಾರಿಸಿ, ಅಮೃತಶಿಲೆಯಲ್ಲಿ ಮಾತೆಯ ಸ್ವರೂಪವನ್ನು ಕಡೆದನು. 1864ರ ಏಪ್ರಿಲ್ 4ರಂದು ಅದು ಲೂರ್ದಿನ ಗವಿಯಲ್ಲಿ ಪ್ರತಿಷ್ಠಾಪಿತವಾಯಿತು. ತಾವು ಕಂಡ ರೂಪ ಅದರಲ್ಲಿ ಬೆರ್ನದೆತ್ತಮ್ಮನವರಿಗೆ ಕಾಣಲಿಲ್ಲ. ಆದರೂ ಆಕೆ ಮೆಚ್ಚದ ಆ ರೂಪವೇ ಪ್ಲಾಸ್ಟರಿನ ಪ್ರತಿಗಳಾಗಿ ಲೋಕವನ್ನೆಲ್ಲ ಮುಟ್ಟಿತು. ಪ್ಯಾರಿಸ್ಸಿನ ಸಂತ ಸುಲ್ಪೀಸ್ ದೇವಾಲಯದ ಸುತ್ತಣ ಅಂಗಡಿಗಳು ಇಂತಹ ಸ್ವರೂಪಗಳಿಗೆ ಎಷ್ಟು ಹೆಸರಾದುವೆಂದರೆ, ಆ ಶೈಲಿಗೇ ಆ ದೇವಾಲಯದ ಹೆಸರು ಅಂಟಿಕೊಂಡಿತು.

ಪ್ರತಿಗಳು ಅಗ್ಗವಾದುದು ಹೇಗೆ? ಮೊದಲು ಅಚ್ಚನ್ನೂ ಗಟ್ಟಿ ಪ್ಲಾಸ್ಟರಿನಿಂದಲೇ ಮಾಡುತ್ತಿದ್ದರು. ವಸ್ತ್ರದ ಮಡಿಕೆಗಳಲ್ಲಿ ಅದು ಸಿಕ್ಕಿಕೊಳ್ಳುವುದರಿಂದ ಬಿಡಿಬಿಡಿ ತುಂಡುಗಳಾಗಿ ಜೋಡಿಸಬೇಕಾಗುತ್ತಿತ್ತು. ಇದು ನುರಿತವರ ಕೆಲಸ, ದುಬಾರಿ ಕೆಲಸ. 19ನೆಯ ಶತಮಾನದ ಮಧ್ಯಭಾಗದಿಂದ ಜೆಲಟಿನ್ ಬಳಕೆಗೆ ಬಂದಿತು. ದನದ ಚರ್ಮ, ಮೂಳೆಗಳಿಂದ ತೆಗೆದ ಈ ಅಂಟನ್ನು ನೀರಿನಲ್ಲಿ ನೆನೆಸಿ, ಹದವಾಗಿ ಕರಗಿಸಿ, ಎಣ್ಣೆ ಸವರಿದ ಮೂಲವಿಗ್ರಹಕ್ಕೂ ಅದರ ಹೊರಕವಚಕ್ಕೂ ನಡುವಣ ತೆರಪಿನಲ್ಲಿ ಹೊಯ್ಯುವರು. ಆರಿದ ಮೇಲೆ ಅದು ರಬ್ಬರಿನಂತೆ ಬಾಗುತ್ತದೆ. ಆಳವಾದ ಮಡಿಕೆಯಿಂದಲೂ ಮುರಿಯದೆ ಸುಲಿದು ಬರುತ್ತದೆ.

ಕುಂದೊಂದುಂಟು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಆ ಬಿಸಿಗೆ ಜೆಲಟಿನ್ ಮೆತ್ತಗಾಗಿ ರೇಖೆಗಳು ಮಸುಕಾಗುತ್ತವೆ. ಪಟಿಕದ ನೀರು ಸವರಿ ಅಚ್ಚಿನ ಮೈಯನ್ನು ಗಡುಸು ಮಾಡಿದರೂ ಕೆಲವೇ ಎರಕಗಳ ಬಳಿಕ ಅದನ್ನು ಕರಗಿಸಿ ಹೊಸದಾಗಿ ಹೊಯ್ಯಬೇಕು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಸಿಲಿಕೋನ್ ರಬ್ಬರ್ ಬಂದ ಮೇಲೆ ಈ ತೊಡಕು ನೀಗಿತು.

ಹೀಗೆ ಬಂದ ಸ್ವರೂಪವನ್ನು ಹಬ್ಬದ ಮುನ್ನಾದಿನ ಕೊಡದಲ್ಲಿ ನೀರು ಸುರಿದು ತೊಳೆಯುವ ನಮ್ಮ ಭಕ್ತಿಯನ್ನು ಏನೆನ್ನಲಿ! ಪ್ಲಾಸ್ಟರ್ ನೀರಿನಲ್ಲಿ ಅಲ್ಪಾಲ್ಪವಾಗಿ ಕರಗುವ ವಸ್ತು. ವರ್ಷವರ್ಷವೂ ದಪ್ಪನಾಗಿ ಬಳಿಯುವ ಬಣ್ಣವಂತೂ ಮುಖದ ಕಳೆಯನ್ನೇ ಹೂತುಬಿಡುತ್ತದೆ. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಅಂತಹ ಪದರಗಳನ್ನು ಮೆಲ್ಲನೆ ಬಿಡಿಸಿದೆವು. ಮಾತೆಯ ತೋಳಿನ ಜಪಮಾಲೆಯಲ್ಲಿ ಮಣಿಗಳು ಒಂದೊಂದಾಗಿ ಎಣಿಸುವಂತೆ ಮತ್ತೆ ಕಂಡುವು.