ಚರ್ಮದೊಳಗಿನ ಗುರುತು

ಪಶುವೈದ್ಯನಾದ ನನಗೆ ಮೈಕ್ರೋಚಿಪ್ ದಿನಬಳಕೆಯ ಸಾಮಾನು. ನಾಯಿಯ ಹೆಗಲ ನಡುವೆ ಸೂಜಿಯಿಂದ ಸೇರಿಸುವ ಆ ಗಾಜಿನ ಕೊಳವೆ ಅಕ್ಕಿಕಾಳಿಗಿಂತ ತುಸು ದೊಡ್ಡದು. ಒಳಗೆ ಫೆರೈಟ್ ಕಡ್ಡಿಗೆ ಸುತ್ತಿದ ಸಣ್ಣ ತಾಮ್ರದ ತಂತಿ, ಒಂದು ಚಿಪ್, ಬ್ಯಾಟರಿ ಇಲ್ಲ. ರೀಡರಿನ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ 15 ಅಂಕಿಗಳ ಸಂಖ್ಯೆಯನ್ನು ತಿಳಿಸುತ್ತದೆ.

ಈ ತಂತ್ರದ ಹಿಂದಿನ ಯೋಚನೆ ಹಳೆಯದು: ಪ್ರತಿಫಲಿತ ರೇಡಿಯೊ ಅಲೆಯ ಮೂಲಕ ಸಂದೇಶ ಕಳಿಸಬಹುದೆಂದು ಎಂಜಿನಿಯರ್ ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಬರೆದಿದ್ದರು. 1970ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆ ದನಗಳನ್ನು ಗುರುತಿಸಲು ಟ್ಯಾಗ್ ಕೇಳಿತು. ಯಾವ ಹಸುವಿಗೆ ಔಷಧಿ ಕೊಟ್ಟಾಗಿದೆ, ಯಾವುದಕ್ಕೆ ಇನ್ನೂ ಕೊಡಬೇಕು ಎಂಬುದು ಹಿಂಡಿನಲ್ಲಿ ಗೊತ್ತಾಗುತ್ತಿರಲಿಲ್ಲ. ಅಣುಬಾಂಬು ತಯಾರಾದ ಲಾಸ್ ಅಲಮೋಸ್ ಪ್ರಯೋಗಾಲಯವೇ ಆ ಕೆಲಸಕ್ಕೆ ಕೈಹಾಕಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅದು ಯುಎಚ್‌ಎಫ್, ಅಂದರೆ ಅತಿ ಹೆಚ್ಚಿನ ಆವರ್ತನದ ಟ್ಯಾಗ್. ಚರ್ಮದಡಿ ಕೂರುವ ಕಡಿಮೆ ಆವರ್ತನದ ಪುಟ್ಟ ಟ್ಯಾಗ್ ಆಮೇಲೆ ಬಂತು.

ಚರ್ಮದಡಿಗೆ ಕಡಿಮೆ ಆವರ್ತನವೇ ಏಕೆ? ಮೈಯಲ್ಲಿ ನೀರು ಹೆಚ್ಚು; ಯುಎಚ್‌ಎಫ್ ಅಲೆಯನ್ನು ನೀರು ಹೀರಿಕೊಳ್ಳುತ್ತದೆ. ನಮ್ಮ ಫಾಸ್ಟ್ಯಾಗ್ ಬಳಸುವ 865–867 ಮೆಗಾಹರ್ಟ್ಸ್ ಅಲೆ ಕಾರಿನ ಗಾಜಿನ ಮೇಲಿಂದ ಹಲವು ಮೀಟರ್ ಮುಟ್ಟುತ್ತದೆ, ಆದರೆ ಮಾಂಸದೊಳಗೆ ಸೊರಗುತ್ತದೆ. 134.2 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ಮಾಂಸ ಅಷ್ಟಾಗಿ ಅಡ್ಡಿಯಲ್ಲ. ಓದುವ ದೂರ ಮಾತ್ರ ಕೆಲವೇ ಸೆಂಟಿಮೀಟರ್. 1996ರ ಐಎಸ್‌ಒ ಮಾನದಂಡ ಇದೇ ಆವರ್ತನವನ್ನು ಹಿಡಿಯಿತು. ಪ್ರಾಣಿಗಳ ಮಟ್ಟಿಗೆ ಇದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಚಿಪ್ ಒಮ್ಮೊಮ್ಮೆ ಜರುಗಿರುತ್ತದೆ. ಹಾಗಾಗಿ ಹೆಗಲಿನಿಂದ ಮುಂಗಾಲಿನವರೆಗೆ, ಉದ್ದಕ್ಕೂ ಅಡ್ಡಕ್ಕೂ, ನಿಧಾನವಾಗಿ ರೀಡರ್ ಆಡಿಸಿ ಎಂದು ಕಿರಿಯ ವೈದ್ಯರಿಗೆ ಹೇಳುತ್ತೇನೆ.